ಏರಿನಲ್ಲಿ ನಲವತ್ತು ಅಡಿ

ಲಾರಿಯ ಹಿಂದೆ ಎಷ್ಟು ದೂರ ಬಿಟ್ಟು ಕಾರು ಓಡಿಸಬೇಕು ಎಂದು ಯಾರಾದರೂ ಕೇಳಿದರೆ ನಾನು ಈಗ ಥಟ್ಟನೆ ಉತ್ತರ ಕೊಡುವುದಿಲ್ಲ. ಒಮ್ಮೆ ಕೊಟ್ಟಿದ್ದೆ. ನಾಲ್ಕು ಜನರ ಎದುರು, ಒಂದು ಗಳಿಗೆಯೂ ತಡವರಿಸದೆ, ಅಂಕಿಯಲ್ಲೇ ಕೊಟ್ಟಿದ್ದೆ. ಆ ಅಂಕಿಯಿಂದ ಒಬ್ಬ ಮುದುಕನ ಕೆಲಸ ಹೋಯಿತು.

ಇದು ನಡೆದದ್ದು ಯುದ್ಧದ ಕಾಲದಲ್ಲಿ. ಮೂರನೆಯ ವರ್ಷವೋ ನಾಲ್ಕನೆಯದೋ ಹೇಳಲಾರೆ. ಪೆಟ್ರೋಲಿಗೆ ಕೂಪನ್ ಬಂದಿತ್ತು, ಲಾರಿಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಇಷ್ಟು ಖಚಿತ. ರಸ್ತೆಯ ಎರಡೂ ಕಡೆ ಹುರುಳಿ ಹೂ ಬಿಟ್ಟಿತ್ತು ಎಂದು ನನ್ನ ನೆನಪು ಹೇಳುತ್ತದೆ. ಆದರೆ ಹುರುಳಿಯ ಹೂವು ಬೇರೆ ಯಾವುದೋ ಪ್ರಯಾಣದಿಂದ ಬಂದು ಇಲ್ಲಿ ಸೇರಿಕೊಂಡಿರಬಹುದು. ನನ್ನ ನೆನಪು ಹೀಗೆ ಒಂದು ಕಡೆಯದನ್ನು ತಂದು ಇನ್ನೊಂದು ಕಡೆ ಇಡುತ್ತದೆ ಎಂದು ನನಗೆ ಗೊತ್ತಾದದ್ದೇ ಈ ಪ್ರಸಂಗದಲ್ಲಿ.

ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಬಂದು ನಾನು ಹಾಸನದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ನಮ್ಮಣ್ಣನದು ವ್ಯಾಪಾರ. ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ಹಿಡಿಯುತ್ತಿದ್ದ, ಅರಕಲಗೂಡು, ರಾಮನಾಥಪುರದ ಕಡೆ ಹೊಗೆಸೊಪ್ಪು. ಅವನ ಹತ್ತಿರ ಒಂದು ಹಳೆಯ ಕಾರಿತ್ತು. ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಿದರೆ ಎದ್ದೇಳುವಂಥದ್ದು, ಅದೂ ಮನಸ್ಸಿದ್ದರೆ. ಶನಿವಾರ ಶಾಲೆಯ ಕೊನೆಯ ಗಂಟೆ ಹೊಡೆದ ಮೇಲೆ ನನಗೆ ಮನೆಯಲ್ಲಿ ಕೂರಲಾಗುತ್ತಿರಲಿಲ್ಲ. ಓದಲು ಕುಳಿತರೆ ಕಾಲು ಕುಣಿಯುತ್ತಿತ್ತು. ಅಣ್ಣನನ್ನು ಎಲ್ಲಿಗೆ ಬೇಕಾದರೂ ಕರೆದೊಯ್ಯುತ್ತೇನೆಂದು ನಾನೇ ಮುಂದೆ ಬೀಳುತ್ತಿದ್ದೆ.

ನನಗೆ ಕಾರು ಕಲಿಸಿದವರು ನಮ್ಮ ಬೀದಿಯ ಕೊನೆಯಲ್ಲಿದ್ದ ಒಬ್ಬ ಸಾಹೇಬರು. ಲಾರಿ ಓಡಿಸಿಯೇ ತಲೆ ಹಣ್ಣಾದವರು. ನಾನು ಹುಡುಗನಾಗಿದ್ದಾಗ, ಮೂವತ್ತರ ದಶಕದ ಮೊದಲಲ್ಲಿ, ಊರಿಗೆ ಲಾರಿ ಬಂದರೆ ಜನ ಮನೆಯಿಂದ ಹೊರಗೆ ಬಂದು ನೋಡುತ್ತಿದ್ದರು. ಆ ಲಾರಿಯಿಂದ ಇಳಿಯುತ್ತಿದ್ದವರು ಇವರೇ. ಕಾರು ಕಲಿಸುವಾಗ ಗೇರು ಕ್ಲಚ್ಚುಗಳ ಬಗ್ಗೆ ಅವರು ಹೆಚ್ಚು ಮಾತಾಡಲಿಲ್ಲ. ಅವರ ಪಾಠವೆಲ್ಲ ಲಾರಿಯ ಬಗ್ಗೆ.

“ಅರೆ ಮೇಷ್ಟ್ರೆ, ಲಾರಿಗೆ ಹಿಂದೆ ಕಣ್ಣಿಲ್ಲ. ಡ್ರೈವರಿಗೆ ಮುಂದಿನದು ಕಾಣ್ತದೆ, ಬಲಗಡೆ ಸ್ವಲ್ಪ ಕಾಣ್ತದೆ. ಹಿಂದೆ ನೀವು ಇದ್ದೀರೋ ಇಲ್ವೋ ಅವನಿಗೇನು ಗೊತ್ತು?”

“ಹಾರನ್ ಹೊಡೆದರೆ ಗೊತ್ತಾಗುವುದಿಲ್ಲವೇ?”

“ಅವನ ಇಂಜಿನ್ ಸದ್ದಿನಲ್ಲಿ ನಿಮ್ಮ ಹಾರನ್ನು ಸೊಳ್ಳೆ ಕೂಗಿದ ಹಾಗೆ. ಮೇಲೆ ಕೂತಿರ್ತಾನಲ್ಲ, ಅವನ ಮುಖ ನೋಡಿ. ಅವನು ನಿಮ್ಮನ್ನ ನೋಡಿದ್ರೆ ಲಾರಿ ನಿಮ್ಮನ್ನ ನೋಡಿದ ಹಾಗೆ. ಕೈ ಬೀಸಿದ ಮೇಲೆ ಬಲಗಡೆಯಿಂದ ಹೋಗಿ. ಎಡಗಡೆ ನುಗ್ಗಬೇಡಿ, ಅದು ಅವನು ಇಳಿಯೋ ಕಡೆ. ಸಪಾಟು ರಸ್ತೆ ಆದ್ರೆ ನಲವತ್ತು ಅಡಿ ಬಿಡಿ. ಏರಿನಲ್ಲಿ ಅಡಿಗಿಡಿ ಲೆಕ್ಕ ಇಲ್ಲ, ಪೂರಾ ಏರೇ ಬಿಟ್ಟುಬಿಡಿ.”

ಮೇಲೆ ಕೂತಿರುವವನು ಎಂದರೆ ಕೊರಡಿನವನು. ಇದ್ದಿಲಿನ ಲಾರಿಗಳ ಕಾಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಕಾಣದವರಿಗೆ ಹೇಳುತ್ತೇನೆ. ಲಾರಿಯ ಪಕ್ಕದಲ್ಲಿ ಬಚ್ಚಲ ಹಂಡೆಯನ್ನು ನೆಟ್ಟಗೆ ನಿಲ್ಲಿಸಿದ ಹಾಗೆ ಒಂದು ದೊಡ್ಡ ಉರುಳೆ, ಅದರೊಳಗೆ ಇದ್ದಿಲಿನ ಕೆಂಡ. ಆ ಕೆಂಡದ ಗ್ಯಾಸಿನಿಂದಲೇ ಇಂಜಿನ್ ನಡೆಯಬೇಕು. ಸಮ ನೆಲದಲ್ಲಿ ಹೇಗೋ ಹೋಗುತ್ತಿತ್ತು, ಏರು ಸಿಕ್ಕರೆ ಉಬ್ಬಸ. ಅರ್ಧ ಏರಿ ನಿಂತುಬಿಡುತ್ತಿತ್ತು. ಬ್ರೇಕುಗಳ ಮೇಲೆ ಯಾರಿಗೂ ನಂಬಿಕೆಯಿರಲಿಲ್ಲ. ಲಾರಿ ಹಿಂದಕ್ಕೆ ಉರುಳುವ ಮೊದಲು ಹಿಂದಿನ ಗಾಲಿಗೆ ಮರದ ಕೊರಡು ಅಡ್ಡ ಕೊಡಲು ಒಬ್ಬ ಮನುಷ್ಯ ಬೇಕಿತ್ತು. ಅವನು ಸರಕಿನ ಮೇಲೆ, ಹಿಂದಕ್ಕೆ ಮುಖ ಮಾಡಿ, ಕೊರಡನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದ.

ಅದಕ್ಕಾಗಿಯೇ ಒಂದು ಪದ್ಧತಿ ಬೆಳೆದಿತ್ತು. ಲಾರಿ ಏರು ಹತ್ತುತ್ತಿದ್ದರೆ ಎತ್ತಿನ ಗಾಡಿಯಾಗಲಿ, ಬಸ್ಸಾಗಲಿ, ಅಮಲ್ದಾರರ ಕಾರಾಗಲಿ ಬುಡದಲ್ಲೇ ನಿಲ್ಲಬೇಕು. ಲಾರಿ ನೆತ್ತಿ ಮುಟ್ಟಿದ ಮೇಲೆ ಕೊರಡಿನವನು ಎದ್ದು ನಿಂತು ಕೈಯೆತ್ತುತ್ತಾನೆ. ಆಮೇಲೆ ಹಿಂದಿನವರು ಹೊರಡಬೇಕು. ಗಾಡಿಯವರು ಇದಕ್ಕೆ ಏರು ಬಿಡುವುದು ಎನ್ನುತ್ತಿದ್ದರು. ಬುಡದಲ್ಲಿ ಎತ್ತುಗಳ ನೊಗ ಇಳಿಸಿ ಬೀಡಿ ಹಚ್ಚಿ ಕೂತುಬಿಡುತ್ತಿದ್ದರು. ಯಾರಿಗೂ ಅವಸರವಿರಲಿಲ್ಲ.

ನನಗಿತ್ತು. ಕಾರು ನಿಲ್ಲಿಸಿದರೆ ಇಂಜಿನ್ ಆರಿಸಬೇಕು, ಮತ್ತೆ ಹ್ಯಾಂಡಲ್ ತಿರುಗಿಸಬೇಕು, ಕೂಪನ್ನಿನ ಪೆಟ್ರೋಲು ಕುಡಿಸಬೇಕು. ಓಡುವ ವಸ್ತು ಓಡುತ್ತಲೇ ಏರು ಹತ್ತುವುದು ಸುಲಭ ಎಂದು ಮಕ್ಕಳಿಗೆ ಪಾಠ ಹೇಳುತ್ತಿದ್ದವನು ನಾನು. ಹತ್ತರಲ್ಲಿ ಒಂದು ಲಾರಿ ನಿಲ್ಲುತ್ತದೆಂದು ಹತ್ತೂ ಸಲ ಕಾಯುವುದು ಯಾವ ಬುದ್ಧಿ ಎಂದು ಸಾಹೇಬರ ಜೊತೆ ವಾದ ಮಾಡಿದ್ದೆ. ಅವರು ನಕ್ಕು, “ನಿಲ್ಲೋ ಲಾರಿ ಯಾವ್ದು ಅಂತ ಅದರ ಹಣೆ ಮೇಲೆ ಬರ್ದಿರಲ್ಲ” ಎಂದಿದ್ದರು.

ಆ ದಿನ ಅರಕಲಗೂಡಿನಿಂದ ಹೊಳೆನರಸೀಪುರದ ಕಡೆ ಬರುತ್ತಿದ್ದೆವು. ಅಣ್ಣ ಪಕ್ಕದಲ್ಲಿದ್ದ. ಹೊತ್ತು ಇಳಿಯುವ ಮೊದಲು ಅವನು ಚನ್ನರಾಯಪಟ್ಟಣ ಸೇರಬೇಕಿತ್ತು. ದಾರಿಯಲ್ಲಿ ಒಂದು ಉದ್ದನೆಯ ಏರು. ಅದರ ಬುಡದಲ್ಲಿ ಹೊಗೆಸೊಪ್ಪಿನ ಮೂಟೆ ಹೇರಿದ ಲಾರಿಯೊಂದು ಕೆಂಡ ಕೆದಕಿಸಿಕೊಂಡು ಆಗ ತಾನೇ ಹೊರಟಿತ್ತು. ಹೊಳೆನರಸೀಪುರದ ರೈಲು ಸ್ಟೇಷನ್ನಿಗೆ ಹೋಗುವ ಸರಕು. ಲಾರಿಯ ಯಜಮಾನರು ಆ ಊರಿನ ಜಮೀನುದಾರ ಗೌಡರು, ಅಣ್ಣನಿಗೆ ಚೆನ್ನಾಗಿ ಪರಿಚಯ. ಮೂಟೆಗಳ ಮೇಲೆ ಕೂತಿದ್ದ ಮುದುಕನನ್ನೂ ನಾನು ಹಿಂದೆ ಎಷ್ಟೋ ಸಲ ನೋಡಿದ್ದೆ. ತಲೆಗೆ ಕೆಂಪು ವಸ್ತ್ರ, ಬಾಯಲ್ಲಿ ಎಲೆ ಅಡಕೆ. ಎಲ್ಲರೂ ಅವನನ್ನು ಕೊರಡಿನಯ್ಯ ಎಂದೇ ಕರೆಯುತ್ತಿದ್ದರು.

“ನಿಲ್ಲಿಸ್ತೀಯೇನೋ?” ಎಂದ ಅಣ್ಣ.

“ನಿಲ್ಲಿಸಿದರೆ ಪಟ್ಟಣ ಸೇರೋದು ಕತ್ತಲಿಗೆ” ಎಂದೆ.

“ಸರಿ ಮತ್ತೆ, ನಡಿ.”

ಅಣ್ಣ ಹೀಗೆ ಹೇಳಿದನೋ, ಹೇಳಿದನೆಂದು ನಾನು ಆಮೇಲೆ ಸಮಾಧಾನ ಮಾಡಿಕೊಂಡೆನೋ ಗೊತ್ತಿಲ್ಲ. ನಾನಂತೂ ನಿಲ್ಲಿಸಲಿಲ್ಲ. ಮುದುಕ ಮೂಟೆಯ ಮೇಲಿಂದ ನಮ್ಮನ್ನು ನೋಡಿದ, ಅಂಗೈಯನ್ನು ಕೆಳಕ್ಕೆ ಒತ್ತುತ್ತ ಎರಡು ಮೂರು ಸಲ ಬೀಸಿದ. ಹಿಂದೆ ಉಳಿಯಿರಿ ಎಂದು. ನಾನು ಎರಡನೇ ಗೇರಿನಲ್ಲೇ ಹೋದೆ.

ಅರ್ಧ ಏರು ಹತ್ತಿದ ಮೇಲೆ ಲಾರಿ ಕೆಮ್ಮಿತು. ಒಂದು ಕ್ಷಣ ನಿಂತಿತು. ಮುದುಕ ಕೊರಡು ಹಿಡಿದುಕೊಂಡೇ ಎಡಗಡೆಗೆ ಜಿಗಿದ. ಲಾರಿ ಹಿಂದಕ್ಕೆ ಉರುಳತೊಡಗಿತು. ನನ್ನ ಎರಡೂ ಕೈ ಸ್ಟೀರಿಂಗ್ ಚಕ್ರದ ಮೇಲಿದ್ದವು, ಅಲ್ಲಿಂದ ಏಳಲಿಲ್ಲ. ಹಿಂದಕ್ಕೆ ಹೋಗುವ ಗೇರು ಎಲ್ಲಿದೆಯೆಂದು ನನಗೆ ಆಗ ಗೊತ್ತಿರಲಿಲ್ಲ. ದಿನವೂ ಹಾಕುವ ಗೇರು. ಮುದುಕ ಬಗ್ಗಿದ್ದು ಕಂಡಿತು, ಕೊರಡು ಗಾಲಿಗೆ ಕಚ್ಚಿದ ಸದ್ದು ಕೇಳಿತು, ಲಾರಿ ನಡುಗಿ ನಿಂತಿತು. ಆಮೇಲೆ ಅವನ ಕೂಗು. ಬಲಗೈಯ ಎರಡು ಬೆರಳು ಕೊರಡಿಗೂ ಗಾಲಿಗೂ ನಡುವೆ ಸಿಕ್ಕಿದ್ದವು.

ನಮ್ಮ ಕಾರಿನಲ್ಲೇ ಅವನನ್ನು ಹೊಳೆನರಸೀಪುರದ ಆಸ್ಪತ್ರೆಗೆ ಕರೆದೊಯ್ದೆವು. ದಾರಿಯುದ್ದಕ್ಕೂ ಅವನು ಕೆಂಪು ವಸ್ತ್ರವನ್ನು ಕೈಗೆ ಸುತ್ತಿಕೊಂಡು, “ಸೀಟೆಲ್ಲ ಗಲೀಜಾಯ್ತದೆ ಬುದ್ದಿ” ಎನ್ನುತ್ತಿದ್ದ. ಅದನ್ನು ಕೇಳಲಾಗದೆ ನಾನು ವೇಗವಾಗಿ ಓಡಿಸಿದೆ.

ಒಂದೆರಡು ವಾರ ಕಳೆದ ಮೇಲೆ ಗೌಡರು ತಮ್ಮ ಮನೆಯ ಜಗಲಿಗೆ ನಮ್ಮಿಬ್ಬರನ್ನು ಕರೆಸಿದರು. ಲಾರಿಯ ಡ್ರೈವರ್ ಕಂಬಕ್ಕೆ ಒರಗಿ ನಿಂತಿದ್ದ. ಮುದುಕ ಕೆಳಗಿನ ಮೆಟ್ಟಿಲ ಮೇಲೆ ಕೈಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದ. ಅವನನ್ನು ಕೆಲಸದಲ್ಲಿ ಇಟ್ಟುಕೊಳ್ಳಬೇಕೋ ಬಿಡಿಸಬೇಕೋ ಎಂಬುದೇ ಪ್ರಶ್ನೆ. ವಯಸ್ಸಾಗಿ ಕೈ ತಪ್ಪಿದ್ದರೆ ಅಂಥವನ ಕೈಗೆ ಲಾರಿ ಕೊಡುವ ಹಾಗಿಲ್ಲ. ಹಿಂದಿನವರ ತಪ್ಪಾಗಿದ್ದರೆ ಅವನದೇನಿದೆ? ಇಷ್ಟನ್ನು ಗೌಡರು ನ್ಯಾಯವಾಗಿಯೇ ಹೇಳಿದರು.

“ಮೇಷ್ಟ್ರೇ, ನೀವು ಓದ್ದೋರು. ನೀವೊಂದು ಮಾತೇಳಿ. ಲಾರಿ ನಿಂತಾಗ ನಿಮ್ ಕಾರು ಎಷ್ಟು ದೂರ್ದಲ್ಲಿತ್ತು?”

“ನಲವತ್ತು ಅಡಿ” ಎಂದೆ.

ಸುಳ್ಳು ಹೇಳುತ್ತಿದ್ದೇನೆಂದು ನನಗೆ ಅನ್ನಿಸಲಿಲ್ಲ. ಇದನ್ನು ಓದುವವರು ನಂಬಬೇಕು. ಕಣ್ಣು ಮುಚ್ಚಿದರೆ ಲಾರಿಗೂ ನಮಗೂ ನಡುವೆ ಇದ್ದ ಕೆಂಪು ಮಣ್ಣಿನ ರಸ್ತೆ, ಅದರ ಗಾಲಿಯ ಜಾಡು, ಎಲ್ಲ ಕಾಣುತ್ತಿತ್ತು. ಅಣ್ಣನೂ, “ಹೌದು, ದೂರವೇ ಇತ್ತು” ಎಂದ.

“ಅಂಗಾದ್ರೆ ಇವಂದೇ ಕೈ ಓಡ್ನಿಲ್ಲ” ಎಂದರು ಗೌಡರು. ಮುದುಕನ ಕಡೆ ತಿರುಗಿ, “ಏನ್ಲಾ ಅಂತೀಯಾ?” ಎಂದರು.

ಮುದುಕ ನನ್ನ ಮುಖವನ್ನೇ ನೋಡಿದ. “ನಲವತ್ತಡಿ ಇದ್ದಿದ್ರೆ ನಾನ್ಯಾಕೆ ಬುದ್ದಿ ಕೈ ಆಕ್ತಿದ್ದೆ?” ಎಂದ. ಅದೇನು ಮಾತೆಂದು ನನಗೆ ಅರ್ಥವಾಗಲಿಲ್ಲ, ಕೇಳಲೂ ಇಲ್ಲ. ಅವನನ್ನು ಬಿಡಿಸಿದರು.

ಆ ಮಾತು ನನ್ನ ಜೊತೆ ಹಾಸನಕ್ಕೆ ಬಂತು. ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುವಾಗ ಬರುತ್ತಿತ್ತು, ಊಟಕ್ಕೆ ಕೂತಾಗ ಬರುತ್ತಿತ್ತು. ನಾಲ್ಕನೇ ದಿನ ಸಾಹೇಬರ ಮನೆಗೆ ಹೋಗಿ ನಡೆದದ್ದನ್ನು ಹೇಳಿದೆ. ಅವರು ಏಳದೆ, ಕೂತಲ್ಲೇ ತಮ್ಮ ಊರುಗೋಲನ್ನು ಲಾರಿ ಮಾಡಿ, ಒಂದು ಎಕ್ಕಡವನ್ನು ಕೊರಡು ಮಾಡಿ ತೋರಿಸಿದರು.

“ನೋಡಿ. ಲಾರಿ ಉರುಳೋಕೆ ಶುರುವಾಯ್ತು. ಗೊತ್ತಿದ್ದವನು ಗಾಲಿ ಹತ್ರ ಹೋಗಲ್ಲ. ನಾಲ್ಕು ಹೆಜ್ಜೆ ಹಿಂದಕ್ಕೆ ಓಡ್ತಾನೆ. ಕೊರಡು ರಸ್ತೆ ಮೇಲೆ ಇಡ್ತಾನೆ, ಪಕ್ಕಕ್ಕೆ ಹಾರ್ತಾನೆ. ಲಾರಿನೇ ಬಂದು ಅದರ ಮೇಲೆ ಕೂರ್ತದೆ. ಕೈಗೂ ಗಾಲಿಗೂ ಸಂಬಂಧನೇ ಇಲ್ಲ.” ಊರುಗೋಲು ಹಿಂದೆ ಸರಿದು ಎಕ್ಕಡಕ್ಕೆ ಬಡಿದು ನಿಂತಿತು. ಆಮೇಲೆ ಅವರು ಇನ್ನೊಂದು ಎಕ್ಕಡವನ್ನು ಊರುಗೋಲಿನ ಹಿಂದಕ್ಕೇ ಒತ್ತಿಟ್ಟರು. “ಇದು ನಿಮ್ಮ ಕಾರು. ಈಗ ಹೇಳಿ, ನಾಲ್ಕು ಹೆಜ್ಜೆ ಎಲ್ಲಿದೆ? ಲಾರಿ ನಾಲ್ಕು ಹೆಜ್ಜೆ ಉರುಳಿದ್ರೆ ನಿಮ್ಮ ಮೇಲೇನೇ ಬರ್ತದೆ. ಕೊರಡನ್ನ ಉರುಳೋ ಗಾಲಿಗೇ ಕೈಯಿಂದ ಒತ್ತಬೇಕು. ಬೇರೆ ದಾರಿ ಇಲ್ಲ.”

ಎಕ್ಕಡಗಳನ್ನೇ ನೋಡುತ್ತ ಕೂತೆ.

“ನಲವತ್ತು ಅಡಿ ಅಂತ ನಿಮಗೆ ಹೇಳಿದ್ದು ಯಾರು ಮೇಷ್ಟ್ರೆ?” ಎಂದರು ಸಾಹೇಬರು.

“ನಾನೇ ನೋಡಿದ್ದು” ಎಂದು ಬಾಯಿ ತೆರೆದವನು ಮಾತನ್ನು ಅಲ್ಲೇ ನಿಲ್ಲಿಸಿದೆ. ಹೇಳಿದ್ದವರು ಅವರೇ. ಗೌಡರ ಜಗಲಿಯ ಮೇಲೆ ನಾನು ಪಾಠ ಒಪ್ಪಿಸಿದ್ದೆ. ಕೇಳಿದ ಪ್ರಶ್ನೆ ಎಷ್ಟು ದೂರ ಇತ್ತು ಎಂದು. ನಾನು ಕೊಟ್ಟ ಉತ್ತರ ಎಷ್ಟು ದೂರ ಇರಬೇಕು ಎಂಬುದಕ್ಕೆ.

ಇಷ್ಟಕ್ಕೇ ಒಪ್ಪಿಕೊಳ್ಳುವ ಸ್ವಭಾವ ನನ್ನದಲ್ಲ. ಸಾಹೇಬರ ಎರಡು ಎಕ್ಕಡಗಳು ಸಾಕ್ಷಿಯಾಗುತ್ತವೆಯೇ? ಮುದುಕ ಗಾಬರಿಯಲ್ಲಿ ಕೈ ಹಾಕಿರಬಹುದು. ನನಗೆ ಬೇರೆ ಗುರುತು ಬೇಕಿತ್ತು. ಹಾಗೆ ಹುಡುಕುವಾಗ ಒಂದು ಸಿಕ್ಕಿತು. ಲಾರಿಯ ಹಿಂಭಾಗದ ಒಂದು ಮೂಟೆಯ ಮೇಲೆ ಕಪ್ಪು ಮಸಿಯಲ್ಲಿ ಒಂದು ಸುತ್ತು ಗೆರೆ, ಅದರ ಕೆಳಗೆ ಸಣ್ಣದಾಗಿ ತೂಕದ ಅಂಕಿ. ಅದನ್ನು ನಾನು ಓದಿದ್ದೆ. ಅದರ ಕೊನೆಯ ಅಂಕಿ ಏಳು, ಮಸಿ ಸೋರಿ ಅದರ ಬಾಲ ಉದ್ದವಾಗಿತ್ತು.

ಅಣ್ಣನ ಮಳಿಗೆಯಲ್ಲಿ ಅಂಥ ಮೂಟೆಗಳಿಗೆ ಬರವಿರಲಿಲ್ಲ. ಒಂದನ್ನು ಅಂಗಳಕ್ಕೆ ಉರುಳಿಸಿ ತಂದು ನಿಲ್ಲಿಸಿ ಶಾಲೆಯ ಟೇಪಿನಿಂದ ಅಳೆದೆ. ನಲವತ್ತು ಅಡಿಯಲ್ಲಿ ಕನ್ನಡಕ ಹಾಕಿಕೊಂಡರೂ ಅಂಕಿ ಬರೀ ಮಸಿಯ ಕಲೆ. ಮೂವತ್ತರಲ್ಲೂ ಅಷ್ಟೇ. ಹದಿನೈದಕ್ಕೆ ಬಂದಾಗ ಓದಲಾಯಿತು. ಮನೆಯ ಹೆಂಗಸರು ಬಾಗಿಲಲ್ಲಿ ನಿಂತು ನನ್ನನ್ನು ನೋಡುತ್ತಿದ್ದರು.

ಹಾಗಾದರೆ ಹದಿನೈದು ಅಡಿಯೇ? ಇಲ್ಲ, ಅದನ್ನೂ ಹೇಳಲಾಗದು. ಲಾರಿ ಉರುಳಿ ಹತ್ತಿರ ಬಂದ ಮೇಲೆ ಓದಿರಬಹುದು. ಮುದುಕನ ಕೈ ಬಿಡಿಸಲು ಇಳಿದು ಹೋದಾಗ ಓದಿರಬಹುದು. ಎರಡು ಬೆರಳು ಜಜ್ಜಿಹೋದ ಮನುಷ್ಯನ ಪಕ್ಕದಲ್ಲಿ ನಿಂತು ಮೂಟೆಯ ತೂಕ ಓದುತ್ತಿದ್ದೆನೇ ಎಂಬುದು ಇನ್ನೊಂದು ಪ್ರಶ್ನೆ. ಅದು ನನಗೆ ಹೆಚ್ಚು ಕಷ್ಟದ್ದು.

ಅಣ್ಣನನ್ನು ಕೇಳಿದೆ. “ನೀನು ದೂರ ಇತ್ತು ಅಂದೆಯಲ್ಲ, ಎಷ್ಟಿತ್ತು?”

“ನಲವತ್ತು ಅಂತ ನೀನೇ ಹೇಳಿದೆಯಲ್ಲೋ.”

“ನೀನು ನೋಡಿದ್ದು?”

ಅಣ್ಣ ಎಲೆಗೆ ಸುಣ್ಣ ಹಚ್ಚುತ್ತಿದ್ದ. ಬಹಳ ಹೊತ್ತು ಹಚ್ಚಿದ. “ಲಾರಿ ಹಿಂದಕ್ಕೆ ಬರೋದು ನೋಡಿ ನಾನು ಕಣ್ಣು ಮುಚ್ಚಿಕೊಂಡೆ ಕಣೋ” ಎಂದ.

“ಅದನ್ನ ಅಲ್ಲಿ ಯಾಕೆ ಹೇಳಲಿಲ್ಲ?”

“ತಮ್ಮ ಹೇಳಿದ ಮಾತನ್ನ ಅಣ್ಣ ಜಗಲಿ ಮೇಲೆ ಸುಳ್ಳು ಅನ್ನೋದಕ್ಕಾಗುತ್ತಾ? ಮನೆ ಮಾತು ಅಂತ ಒಂದಿದೆ. ಆಯ್ತಲ್ಲ, ಈಗ ಅದನ್ನ ಕೆದಕಬೇಡ.”

ಮುಂದಿನ ಭಾನುವಾರ ಅಣ್ಣನಿಗೆ ಹೇಳದೆ ರೈಲು ಹತ್ತಿ ಹೊಳೆನರಸೀಪುರಕ್ಕೆ ಹೋದೆ. ಗೌಡರ ಜಗಲಿಯ ಮೇಲೆ ಆ ದಿನವೂ ನಾಲ್ಕಾರು ಜನ ಇದ್ದರು. ಡ್ರೈವರೂ ಇದ್ದ.

“ಬನ್ನಿ ಮೇಷ್ಟ್ರೇ, ಕುಂತ್ಕಳಿ. ಕಾರೆಲ್ಲಿ?”

“ಕಾರು ತಂದಿಲ್ಲ. ಆ ದಿನ ನಾನು ನಲವತ್ತು ಅಡಿ ಎಂದೆನಲ್ಲ, ಅಷ್ಟು ಇರಲಿಲ್ಲ.”

“ಮತ್ತೆಷ್ಟಿತ್ತು?”

“ಗೊತ್ತಿಲ್ಲ.”

ಜನ ನಕ್ಕರು. ಗೌಡರು ನಗಲಿಲ್ಲ. “ಗೊತ್ತಿಲ್ದೇ ಇದ್ಮೇಲೆ ನಲವತ್ತು ಇರ್ನಿಲ್ಲ ಅಂತ ಎಂಗೇಳ್ತೀರಿ?”

ನಾನು ಒಂದು ವಾರ ಕೇಳಿಕೊಂಡಿದ್ದ ಪ್ರಶ್ನೆ ಅದೇ. ಮೂಟೆಯ ಅಂಕಿ, ಟೇಪು, ಸಾಹೇಬರ ಎಕ್ಕಡ ಎಲ್ಲವನ್ನೂ ಹೇಳಿದರೆ ಇನ್ನಷ್ಟು ನಗುತ್ತಾರೆಂದು ತಿಳಿದಿತ್ತು. “ಅವನು ಏರಿನ ಬುಡದಲ್ಲೇ ನಿಲ್ಲಿ ಎಂದು ಕೈ ಬೀಸಿದ. ನಾನು ನಿಲ್ಲಲಿಲ್ಲ. ಅಷ್ಟು ಮಾತ್ರ ನನಗೆ ಖಂಡಿತ ಗೊತ್ತು. ನಾನು ಏರು ಬಿಡಲಿಲ್ಲ” ಎಂದೆ.

ಅಡಿಗಳ ವಿಷಯದಲ್ಲಿ ಆಡಿಕೊಂಡು ನಗುತ್ತಿದ್ದವರು ಈ ಮಾತಿಗೆ ನಗಲಿಲ್ಲ. ಕಂಬಕ್ಕೆ ಒರಗಿದ್ದ ಡ್ರೈವರ್ ಗೌಡರ ಕಡೆ ತಿರುಗಿ, “ಬುಡದಾಗೆ ನಿಂತವ್ರೆ ಅಂತ್ಲೇ ನಾನಂದ್ಕಂಡಿದ್ದೆ ಬುದ್ದಿ. ನಂಗೇನ್ ಕಂಡಾದು?” ಎಂದ.

“ಇದ್ನ ಅವತ್ತೇ ಏಳ್ಬೌದಿತ್ತಲ್ಲ ಮೇಷ್ಟ್ರೇ” ಎಂದರು ಗೌಡರು. “ನಾ ಕೇಳ್ಬೇಕಾಗಿದ್ದೂ ಅದ್ನೇ ಕಣಿ. ಅಡಿ ಕೇಳ್ದೆ.”

ಮುದುಕನನ್ನು ಕರೆಸಿದರು. ಕೈಗೆ ಕಟ್ಟಿದ್ದ ಬಟ್ಟೆ ಬಿಚ್ಚಿದ್ದರು, ಬಲಗೈಯಲ್ಲಿ ಮೂರು ಬೆರಳಿದ್ದವು.

“ಕೊರಡು ಇಡಿಯಕ್ಕೆ ಐದೂ ಬೆಳ್ಳು ಬ್ಯಾಡ್ವೇನ್ಲಾ?” ಎಂದರು ಗೌಡರು, ಗದರುವ ಹಾಗೆ.

“ಎಡಗೈ ಐತಲ್ಲ ಬುದ್ದಿ. ಮೇಲ್ ಕುಂತು ಇಂದಕ್ಕೆ ನೋಡಕ್ಕೆ ಕಣ್ಣು ಬೇಕು, ಬೆಳ್ಳು ಬ್ಯಾಡ.” ಆಮೇಲೆ ನನ್ನ ಕಡೆ ಓರೆಗಣ್ಣಿನಲ್ಲಿ ನೋಡಿ, “ಇಂಥೋರು ಇಂದೆ ಬಂದ್ರೆ ನಾಕು ಕಣ್ಣು ಬೇಕಾಯ್ತದೆ” ಎಂದ.

ಈಗ ಎಲ್ಲರೂ ನಕ್ಕರು. ನಾನೂ ನಕ್ಕೆನೆಂದು ಕಾಣುತ್ತದೆ. ಸೋಮವಾರದಿಂದ ಬರಲು ಅವನಿಗೆ ಹೇಳಿದರು. ನಾನು ಕ್ಷಮೆ ಕೇಳಲು ಹೋದಾಗ ಅವನು ಅದನ್ನು ಕೇಳಿಸಿಕೊಳ್ಳದೆ, ಕಾರಿನ ಸೀಟಿನ ಕಲೆ ಹೋಯಿತೇ ಎಂದು ವಿಚಾರಿಸಿದ. ಹೋಗಿರಲಿಲ್ಲ. ಹೋಯಿತು ಎಂದೆ. ಅದು ಸುಳ್ಳೆಂದು ನನಗೆ ಆಗಲೇ ಗೊತ್ತಿತ್ತು.

ಅಣ್ಣ ಕೆಲವು ವಾರ ನನ್ನೊಡನೆ ಮಾತು ಬಿಟ್ಟ. ಆಮೇಲೆ ಕಾರು ಓಡಿಸಲು ಬೇರೆ ಯಾರೂ ಇಲ್ಲದ್ದರಿಂದ ಮಾತಾಡಿದ.

ಆ ಏರಿನ ಬುಡದಲ್ಲಿ ಮುಂದೆ ಎಷ್ಟೋ ಸಲ ನಿಂತಿದ್ದೇನೆ. ನಿಲ್ಲುವುದು ನನಗೆ ಅಭ್ಯಾಸವಾಗಲೇ ಇಲ್ಲ. ಗಾಡಿಯವರು ಬೀಡಿ ಹಚ್ಚಿ ಕೂತರೆ ನಾನು ಕಾರಿನ ಸುತ್ತ ತಿರುಗುತ್ತಿದ್ದೆ, ಗಾಲಿ ಒದೆಯುತ್ತಿದ್ದೆ, ಗಡಿಯಾರ ನೋಡುತ್ತಿದ್ದೆ. ಲಾರಿ ಉಬ್ಬಸಪಡುತ್ತ ನೆತ್ತಿ ಮುಟ್ಟಿದ ಮೇಲೆ ಮೂಟೆಗಳ ಮೇಲೆ ಒಂದು ಸಣ್ಣ ಆಕಾರ ಎದ್ದು ನಿಂತು ಕೈಯೆತ್ತುತ್ತಿತ್ತು. ಕೆಂಪು ವಸ್ತ್ರ ಕಾಣುತ್ತಿತ್ತೆಂದು ಹೇಳಬೇಕೆನಿಸುತ್ತದೆ, ಆದರೆ ಹೇಳುವುದಿಲ್ಲ. ಎತ್ತಿದ್ದು ಬಲಗೈಯೋ ಎಡಗೈಯೋ, ಅದೂ ತಿಳಿಯದು. ನಾನು ನಿಲ್ಲುತ್ತಿದ್ದ ದೂರದಿಂದ ಬೆರಳು ಎಣಿಸಲು ಆಗುತ್ತಿರಲಿಲ್ಲ.